ಹೊಗೆ ಲೆಕ್ಕಕ್ಕೆ ಸಿಕ್ಕ ಸ್ಟುಡಿಯೋ ಮಾಮ

ಕಳೆದ ಏಪ್ರಿಲ್‌ನಲ್ಲಿ ನಮ್ಮೂರು ಮಂಕಿಯ ಮೊಬೈಲ್ ಗ್ರೂಪಿಗೆ ಒಂದು ಸಾವಿನ ಸುದ್ದಿ ಬಂತು. ಹೆಸರು, ತಂದೆಯ ಹೆಸರು, ಹೃದಯಾಘಾತ, ಮಧ್ಯಾಹ್ನದೊಳಗೆ ಅಂತ್ಯಕ್ರಿಯೆ ಎಂದಿತ್ತು. ನಾನು ಆಗ ಒಂದು ಸಿಮೆಂಟ್ ಕಂಪನಿಯ ವರದಿಯಲ್ಲಿ ಮುಳುಗಿದ್ದೆ. ಹೆಸರು ಓದಿದೆ, ಯಾರೆಂದು ಹೊಳೆಯಲಿಲ್ಲ, ಕೈ ಮುಗಿದ ಚಿತ್ರ ಒಂದನ್ನು ಒತ್ತಿ ಮತ್ತೆ ಸಿಮೆಂಟಿಗೆ ಮರಳಿದೆ. ಸ್ವಲ್ಪ ಹೊತ್ತಿಗೆ ಅಮ್ಮ ಬಾಗಿಲಲ್ಲಿ ನಿಂತು, "ನೀ ಇನ್ನೂ ಇಲ್ಲೇ ಕೂತ್ಕಂಡಿದ್ಯಾ? ಸ್ಟುಡಿಯೋ ಮಾಮ ಹೋದ್ರು ಹೇಳಿ ಗೊತ್ತಾಗ್ಲಿಲ್ವಾ?" ಎಂದಳು. ನಾಮಕರಣದಿಂದ ಮದುವೆಯ ತನಕ ನನ್ನ ಅಷ್ಟೂ ಫೋಟೋ ತೆಗೆದ ಮನುಷ್ಯನ ನಿಜವಾದ ಹೆಸರು ನನಗೆ ಗೊತ್ತೇ ಇರಲಿಲ್ಲ. ದೊಡ್ಡ ಕಂಪನಿಗಳ ಬಂಡವಾಳ ಬಯಲು ಮಾಡುವುದು ನನ್ನ ಉದ್ಯೋಗ, ಪಕ್ಕದ ಕೇರಿಯ ಮನುಷ್ಯನ ಹೆಸರು ಮಾತ್ರ ತಿಳಿದಿಲ್ಲ.

ತಪ್ಪು ನನ್ನೊಬ್ಬನದಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಭಟ್ಕಳದಿಂದ ಕುಮಟಾದವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಒಂದು ಕ್ಯಾಮೆರಾ ಕಂಪನಿಯ ಹೆಸರಿನಿಂದ. ಹಿಂದೆ ಯಾವತ್ತೋ ಡೀಲರನೊಬ್ಬ ಪುಕ್ಕಟೆಯಾಗಿ ಒಂದು ಬೋರ್ಡು ಕೊಟ್ಟಿದ್ದ. ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಕಂಪನಿಯ ಹೆಸರು, ಕೆಳಗೆ ಮೂಲೆಯಲ್ಲಿ ಸ್ಟುಡಿಯೋದ ಹೆಸರು, ಅದರಡಿ ಇರುವೆ ಸಾಲಿನಷ್ಟು ಸಣ್ಣದಾಗಿ ಮಾಲೀಕರ ಹೆಸರು. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಸಣ್ಣ ಅಕ್ಷರಗಳೆಲ್ಲ ತೊಳೆದುಹೋಗಿ ದೊಡ್ಡವು ಮಾತ್ರ ಉಳಿದವು. ನಮ್ಮ ಕಡೆ ಇದೇನು ಹೊಸತಲ್ಲ. ಹೊಲಿಗೆ ಯಂತ್ರದ ಏಜೆನ್ಸಿ ಇಟ್ಟವನ ಮೊಮ್ಮಗನನ್ನೂ ಜನ ಆ ಯಂತ್ರದ ಹೆಸರಿನಿಂದಲೇ ಕರೆಯುತ್ತಾರೆ. ಹೊನ್ನಾವರ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆ ಕಂಪನಿಯ ಹೆಸರು ಹೇಳಿ ಮನೆ ಕೇಳಿದರೆ ರಿಕ್ಷಾದವ ಸೀದಾ ಮಾಮನ ಅಂಗಳಕ್ಕೆ ತಂದು ಬಿಡುತ್ತಿದ್ದ. ಮಗಳ ಮದುವೆಯ ಕರೆಯೋಲೆಯಲ್ಲಿ ತಮ್ಮ ಹೆಸರಿನ ಪಕ್ಕ ಕಂಸದಲ್ಲಿ ಕಂಪನಿಯ ಹೆಸರು ಹಾಕಿಸಿದ್ದರು, ಇಲ್ಲದಿದ್ದರೆ ಯಾರ ಮಗಳ ಮದುವೆಯೆಂದು ಜನಕ್ಕೆ ತಿಳಿಯುತ್ತಿರಲಿಲ್ಲ. ಆ ಹೆಸರನ್ನು ನಾನು ಇಲ್ಲಿ ಬರೆಯುವಂತಿಲ್ಲ. ಬರೆದರೆ ನನ್ನ ನೌಕರಿಗೆ ಸಂಚಕಾರ. ಯಾಕೆಂದು ಹೇಳುತ್ತೇನೆ.

ದೊಡ್ಡ ದೊಡ್ಡ ಕಂಪನಿಗಳು ಎಷ್ಟು ಇಂಗಾಲದ ಹೊಗೆ ಬಿಡುತ್ತವೆ, ಅದನ್ನು ಇಷ್ಟು ವರ್ಷದೊಳಗೆ ಇಷ್ಟು ಇಳಿಸುತ್ತೇವೆ ಎಂದು ಅವು ಕೊಟ್ಟ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಅಳೆದು, ಎ ಯಿಂದ ಇ ವರೆಗೆ ದರ್ಜೆ ಕೊಡುವ ಸಂಸ್ಥೆಯೊಂದಿದೆ. ಅದಕ್ಕಾಗಿ ನಾನು ಮಂಕಿಯ ಮನೆಯಲ್ಲೇ ಕೂತು ವರದಿಗಳನ್ನು ಓದುತ್ತೇನೆ. ಭೂಮಿ ಬಿಸಿಯಾಗುತ್ತಿದೆ ಎಂದು ನೆಮ್ಮದಿಯಿಂದ ಬರೆಯಲು ನನ್ನ ಕೋಣೆಗೆ ಏಸಿ ಹಾಕಿಸಿಕೊಂಡಿದ್ದೇನೆ. ಊರಿನವರಿಗೆ ನನ್ನ ಉದ್ಯೋಗ ವಿವರಿಸುವ ಪ್ರಯತ್ನವನ್ನು ಬಿಟ್ಟು ಬಹಳ ಕಾಲವಾಯಿತು. ಹೊಗೆ, ಸರ್ಟಿಫಿಕೇಟ್ ಎಂಬೆರಡು ಶಬ್ದ ಕಿವಿಗೆ ಬಿದ್ದ ರಿಕ್ಷಾದವನೊಬ್ಬ ಒಮ್ಮೆ ಗಾಡಿಯನ್ನು ನಮ್ಮ ಅಂಗಳದಲ್ಲೇ ನಿಲ್ಲಿಸಿ, "ಒಂದು ಸರ್ಟಿಫಿಕೇಟ್ ಬರ್ದು ಕೊಡಿ, ಮತ್ತೆ ಹೊನ್ನಾವರಕ್ಕೆ ಹೋಗೂದು ಎಂತಕೆ" ಎಂದಿದ್ದ. ನನಗೆ ಅದು ಬರುವುದಿಲ್ಲ ಎಂದಾಗ ಅವನು ನೋಡಿದ ನೋಟ ಇನ್ನೂ ನೆನಪಿದೆ. ಅಷ್ಟೂ ಬಾರದವನಿಗೆ ಯಾರು ಸಂಬಳ ಕೊಡುತ್ತಾರೆ ಎಂಬ ನೋಟ ಅದು.

ಮಾಮನಿಗೆ ಆ ತರಹದ ಸಂಕೋಚ ಒಂದೂ ಇರಲಿಲ್ಲ. ಸಣ್ಣ ದೇಹ, ದೊಡ್ಡ ಗಂಟಲು, ಮೈತುಂಬ ಜೇಬುಗಳಿದ್ದ ಅಂಗಿ. ಮದುವೆ ಮಂಟಪದಲ್ಲಿ ಪುರೋಹಿತರಿಗೆ ಎರಡನೇ ಸ್ಥಾನ. "ಭಟ್ರೇ, ಒಂಚೂರು ಸರೀರಿ, ಎಲ್ಲಾ ಫೋಟೋದಲ್ಲೂ ನಿಮ್ಮದೇ ತಲೆ" ಎಂದು ಮಂತ್ರದ ನಡುವೆಯೇ ಹೇಳುವಷ್ಟು ಧೈರ್ಯ. ನನ್ನ ಶಾಲೆಯ ಫೋಟೋಕ್ಕೆ ಕೂರಿಸಿ, "ಗಲ್ಲ ಎತ್ತು. ಅಷ್ಟಲ್ಲ ಮಾರಾಯ, ತೆಂಗಿನಕಾಯಿ ಎಣಿಸ್ತಾ ಇದ್ಯಾ?" ಎಂದಿದ್ದರು. ಪಾಸ್‌ಪೋರ್ಟ್ ಫೋಟೋಕ್ಕೆ ಹೋದವರಿಗೆಲ್ಲ ಒಂದೇ ಉಪದೇಶ: "ನಗ್ಬೇಡಿ, ಸರ್ಕಾರಕ್ಕೆ ನಗು ಆಗೂದಿಲ್ಲ." ಕಂಪನಿಯ ಬಗ್ಗೆ ಮಾತ್ರ ಯಾವ ತಮಾಷೆಯೂ ನಡೆಯುತ್ತಿರಲಿಲ್ಲ. ಅದರ ಸ್ಥಾಪಕರು ಹಡಗಿನಲ್ಲಿ ಭಟ್ಕಳಕ್ಕೆ ಬಂದಿಳಿದು ಹೋಗಿದ್ದರು ಎಂದು ಎಷ್ಟೋ ಸಲ ಹೇಳಿದ್ದರು. ಒಮ್ಮೆ ಸ್ಥಾಪಕರು, ಇನ್ನೊಮ್ಮೆ ಸ್ಥಾಪಕರ ತಮ್ಮ, ಮತ್ತೊಮ್ಮೆ ಹಡಗಿನ ಬದಲು ರೈಲು. ಕೇಳಿದರೆ, "ಬಂದದ್ದಂತೂ ಬಂದದ್ದೇ ಅಲ್ದಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

'ಕಂಪನಿಯವರು' ಎಂದು ಅವರು ಹೇಳುವ ಧಾಟಿಯಲ್ಲಿ ಬೀಗರ ವಿಷಯಕ್ಕೆ ಬಳಸುವ ಮರ್ಯಾದೆ ಇತ್ತು. ಭಟ್ಕಳದ ಒಂದು ಮದುವೆಯಲ್ಲಿ ಹುಡುಗಿಯ ಸೋದರಸಂಬಂಧಿಯೊಬ್ಬ ಬೇರೆ ಕಂಪನಿಯ ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡು ಗ್ರೂಪ್ ಫೋಟೋಕ್ಕೆ ನಿಂತಿದ್ದ. "ಅದನ್ನ ಬೆನ್ನ ಹಿಂದೆ ಹಾಕ್ಕಳಿ" ಎಂದರು ಮಾಮ. ಯಾಕೆಂದು ಅವನು ಕೇಳಿದ. "ನಮ್ಮ ಫೋಟೋದಲ್ಲಿ ಅದು ಬರೂಕಾಗ" ಎಂದು ಕ್ಯಾಮೆರಾ ಇಳಿಸಿ ನಿಂತೇಬಿಟ್ಟರು. ಊಟದ ಪಂಕ್ತಿ ಕಾಯುತ್ತಿತ್ತು. ಆ ಹುಡುಗನೇ ಸೋತ.

ಹೀಗಿರುವಾಗ ನನ್ನ ಸಂಸ್ಥೆ ಕ್ಯಾಮೆರಾ ತಯಾರಕರನ್ನು ಅಳೆಯಲು ಹೊರಟಿತು. ಪಟ್ಟಿಯಿಂದ ನನ್ನ ಪಾಲಿಗೆ ಬಂದದ್ದು ಮಾಮನ ಕಂಪನಿ. ಯಾವ ಕಂಪನಿಯನ್ನು ಯಾರು ಅಳೆಯುತ್ತಾರೆ ಎಂಬುದು ಎಂದೆಂದಿಗೂ ಗೋಪ್ಯವಾಗಿರಬೇಕೆಂದು ಸಂಸ್ಥೆ ನನ್ನಿಂದ ಬರೆಸಿಕೊಂಡಿತ್ತು. ಗೋಪ್ಯ ಎಂದು ಹೇಳಿಯೇ ನಾನು ಅಮ್ಮನಿಗೆ ಹೇಳಿದೆ. ಅಮ್ಮ ಗೋಪ್ಯ ಎಂದು ಹೇಳಿಯೇ ಮೀನು ತರುವವಳಿಗೆ ಹೇಳಿದಳು. ಮರುದಿನ ಬೆಳಿಗ್ಗೆ ಮಾಮ ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ನಮ್ಮ ಜಗುಲಿಯಲ್ಲಿ ಕೂತಿದ್ದರು.

"ನಮ್ದು ನಿನ್ನ ಹತ್ರ ಬಂದದಂತೆ?" ಎಂದರು.

"ಎಂತದು ಮಾಮ?"

"ಮಾರ್ಕಿಗೆ."

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮಾಮನಿಗೆ ಅಷ್ಟು ಸಾಕಾಯಿತು. "ನಾ ವಶೀಲಿ ಮಾಡೂಕೆ ಬಂದದ್ದಲ್ಲ ತಮಾ" ಎಂದರು, ವಶೀಲಿಗೆ ಬರುವ ಎಲ್ಲರ ಹಾಗೆ. ಆಮೇಲೆ ಚೀಲದಿಂದ ಒಂದು ಹಳೆಯ ಕ್ಯಾಮೆರಾ ತೆಗೆದು ನನ್ನ ಲ್ಯಾಪ್‌ಟಾಪಿನ ಪಕ್ಕ ಇಟ್ಟರು. "ನಿನ್ನ ಅಪ್ಪನ ಮದ್ವೆ ತೆಗ್ದದ್ದು ಇದ್ರಲ್ಲೇ. ಇವತ್ತಿಗೂ ಒತ್ತಿದ್ರೆ ಕ್ಲಿಕ್ ಹೇಳ್ತದೆ. ಇದ್ರಲ್ಲಿ ಹೊಗೆ ಎಲ್ಲಿಂದ ಬರ್ತದೆ, ತೋರ್ಸು." ನಾನು ತೋರಿಸದೆ ಇದ್ದಾಗ ತಾವೇ ಎತ್ತಿ ಮೂಸಿ, ನನ್ನ ಮೂಗಿಗೂ ಹಿಡಿದರು. ಕರ್ಪೂರ ಮತ್ತು ಬೆವರಿನ ವಾಸನೆ ಬಂತು. ಹೊಗೆಯಿರಲಿಲ್ಲ.

ಕಂಪನಿಯ ವರದಿಯನ್ನು ನೋಡಿದ್ದರೆ ಮಾಮ ಹೆಮ್ಮೆಯಿಂದ ಉಬ್ಬುತ್ತಿದ್ದರು. ಅದರಲ್ಲಿ ಅರ್ಧ ಹಕ್ಕಿಗಳೇ. ಒಂದು ಮಿಂಚುಳ್ಳಿ ಮೀನು ಕಚ್ಚಿಕೊಂಡು ಮೇಲೇಳುವ ಚಿತ್ರದ ಕೆಳಗೆ, ಈ ಶತಮಾನದ ನಡುವಿನ ಹೊತ್ತಿಗೆ ತಮ್ಮ ಹೊಗೆಯನ್ನು ಶೂನ್ಯಕ್ಕೆ ಇಳಿಸುವುದಾಗಿ ಮಾತು ಕೊಟ್ಟಿದ್ದರು. ಆದರೆ ಅವರು ಲೆಕ್ಕ ಹಿಡಿದಿದ್ದದ್ದು ಸ್ವಂತ ಕಾರ್ಖಾನೆ ಮತ್ತು ಕಚೇರಿಗಳನ್ನು ಮಾತ್ರ. ಬಿಡಿಭಾಗ ಮಾಡಿಕೊಡುವವರು, ಸಾಗಿಸುವವರು, ಕೊಂಡು ಬಳಸುವವರು, ಕೊನೆಗೆ ಎಸೆಯುವವರು, ಇವರಿಂದ ಆಗುವ ಹೊಗೆಯೇ ದೊಡ್ಡದು. ಆ ಬಗ್ಗೆ 'ಪಾಲುದಾರರನ್ನು ಪ್ರೋತ್ಸಾಹಿಸಲಾಗುವುದು' ಎಂಬ ಒಂದು ಸಾಲು, ಪಕ್ಕದಲ್ಲಿ ಇನ್ನೊಂದು ಹಕ್ಕಿ. ಮದುವೆ ಮನೆಯವರು ತಮ್ಮ ಜಗುಲಿಯನ್ನಷ್ಟೇ ಗುಡಿಸಿ, ಊಟದೆಲೆಯ ರಾಶಿಯೆಲ್ಲ ಅಡುಗೆಯವನದ್ದು ಎಂದ ಹಾಗೆ. ನಾನು ಡಿ ಕೊಟ್ಟೆ. ಟಿಪ್ಪಣಿಯನ್ನು ಬಹಳ ಖಡಕ್ಕಾಗಿ ಬರೆದೆ. ಬರೆದು ಮುಗಿಸಿ, ಜಗತ್ತಿಗೆ ದೊಡ್ಡ ಉಪಕಾರ ಮಾಡಿದ ಮುಖದಲ್ಲಿ ಏಸಿಯನ್ನು ಇನ್ನೆರಡು ಡಿಗ್ರಿ ಇಳಿಸಿದೆ. ಹಪ್ಪಳವನ್ನು ಅಷ್ಟರಲ್ಲಿ ತಿಂದು ಮುಗಿಸಿದ್ದೆವು.

ಪ್ರಕಟವಾದ ಮೇಲೆ ಅದು ಎಲ್ಲೋ ಮರೆತುಹೋಗುತ್ತದೆ ಎಂದುಕೊಂಡಿದ್ದೆ. ನಮ್ಮ ದರ್ಜೆಗಳನ್ನು ಓದುವವರು ಬಹಳ ಕಡಿಮೆ, ಅವರಲ್ಲಿ ಹೆಚ್ಚಿನವರು ನಾವೇ. ಆದರೆ ಒಂದು ಪತ್ರಿಕೆಯಲ್ಲಿ ಜಾಗ ತುಂಬಲು ಯಾರೋ ಅದನ್ನು ನಾಲ್ಕು ಸಾಲಿನ ಸುದ್ದಿ ಮಾಡಿ ಹಾಕಿದರು. ಕಂಪನಿಯ ಹೆಸರು ದಪ್ಪ ಅಕ್ಷರದಲ್ಲಿತ್ತು. ಮಂಕಿಯ ಚಾದಂಗಡಿಯಲ್ಲಿ ಆ ಹೆಸರಿಗೆ ಒಂದೇ ಅರ್ಥ. "ಎಂತ ಮಾರಾಯ್ರೆ, ಹೊಗೆ ಬಿಡ್ತ್ರಂತೆ ನೀವು? ಪೇಪರಲ್ಲಿ ಬಂದದೆ" ಎಂದು ಒಬ್ಬ ಕೇಳಿದ. "ಡಿ ಅಂದ್ರೆ ಫೇಲಾ, ಪಾಸಾ?" ಎಂದು ಇನ್ನೊಬ್ಬ ಕೇಳಿದ. ಬೀಡಿ ಸೇದುವವನೊಬ್ಬ ಮಾಮನನ್ನು ಕಂಡು ಬೀಡಿ ಆರಿಸಿ, "ಇನ್ನು ನಾ ಬಿಡೂದು ಬ್ಯಾಡ, ಊರಿಗೆ ಇವರದ್ದೇ ಸಾಕು" ಎಂದನಂತೆ. ಮಾಮ ಚಾ ಅರ್ಧಕ್ಕೆ ಬಿಟ್ಟು ಎದ್ದು ಬಂದರು.

ನನ್ನೊಡನೆ ಮಾತು ನಿಂತಿತು. ಅದೇ ಸಮಯಕ್ಕೆ ನನಗೆ ದಿಲ್ಲಿಯ ಒಂದು ಕಾರ್ಯಾಗಾರದ ಗುರುತುಚೀಟಿಗೆ ಫೋಟೋ ಬೇಕಾಯಿತು. ಬೇರೆ ಸ್ಟುಡಿಯೋಕ್ಕೆ ಹೋದರೆ ಇನ್ನೂ ದೊಡ್ಡ ಅಪರಾಧ ಆಗುತ್ತದೆಂದು ಅವರಲ್ಲಿಗೇ ಹೋದೆ. ಗಲ್ಲ ಎತ್ತು ಎನ್ನಲಿಲ್ಲ, ನಗಬೇಡ ಎನ್ನಲಿಲ್ಲ. ಸುಮ್ಮನೆ ಒಂದು ಸಲ ಒತ್ತಿ, ಸ್ವಲ್ಪ ಹೊತ್ತಿಗೆ ಲಕೋಟೆ ಕೈಗಿಟ್ಟರು. ಫೋಟೋದಲ್ಲಿ ನನ್ನ ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ಇನ್ನೊಂದು ಅರ್ಧ. ಬಾಯಿ ಏನೋ ಕೇಳಲು ಹೊರಟು ಅಲ್ಲೇ ನಿಂತಿತ್ತು.

"ಮಾಮ, ಇದು ಸರಿ ಬಂದಿಲ್ಲ."

"ಬಂದದೆ. ಡಿ ಬಂದದೆ" ಎಂದರು.

ಆ ಫೋಟೋವನ್ನೇ ಕೊರಳಿಗೆ ಹಾಕಿಕೊಂಡು ನಾನು ಹವಾಮಾನ ಬದಲಾವಣೆಯ ಕುರಿತು ಮಾತಾಡಿ ಬಂದೆ. ನನ್ನ ಬಗ್ಗೆ ಅದಕ್ಕಿಂತ ನಿಖರವಾದ ಮೌಲ್ಯಮಾಪನ ಇನ್ನೂ ಬಂದಿಲ್ಲ.

ವಾಪಸ್ಸು ಬಂದ ಮೇಲೆ ಒಂದು ಸಂಜೆ ಮಾಮ ತಾವಾಗಿಯೇ ಬಂದರು. ಕೈಯಲ್ಲಿ ಹಪ್ಪಳ ಇರಲಿಲ್ಲ, ಮುಖದಲ್ಲಿ ಜಂಬವೂ ಇರಲಿಲ್ಲ. ಕೂತವರು ನೇರ ವಿಷಯಕ್ಕೆ ಬಂದರು. "ಈ ಹೆಸ್ರಿನ ಮೇಲೇ ನಾ ಊಟ ಮಾಡಿದ್ದು. ಮಗಳಿಗೆ ಮದ್ವೆ ಮಾಡಿದ್ದು. ಇವತ್ತು ಚಾದಂಗಡಿಯಲ್ಲಿ ಕೂತ್ಕಳೂಕೆ ಆಗೂದಿಲ್ಲ. ಆದದ್ದು ಆತು. ಸರಿ ಮಾಡೂದು ಹೆಂಗೆ ಹೇಳು."

ನಾನು ಲೆಕ್ಕದ ಕ್ರಮವನ್ನು ವಿವರಿಸಿದೆ. ಕಾರ್ಖಾನೆಯದ್ದು ಒಂದು ಲೆಕ್ಕ, ತಂದುಕೊಡುವವರದ್ದು ಒಂದು, ಕೊಂಡು ವಾಪರಿಸುವವರದ್ದು ಇನ್ನೊಂದು ಎಂದೆ. ಮಾಮ ಕೈ ಎತ್ತಿ ನನ್ನನ್ನು ನಿಲ್ಲಿಸಿದರು.

"ವಾಪರಿಸೋರು ಅಂದ್ರೆ ಯಾರು?"

"ಅಂದ್ರೆ... ಫೋಟೋ ತೆಗೆಯುವವರು, ಸ್ಟುಡಿಯೋದವರು."

"ನಾನಾ?"

"ಎಲ್ಲರೂ ಮಾಮ. ಜಗತ್ತಿನ ಎಲ್ಲರೂ."

ಜಗತ್ತಿನ ಎಲ್ಲರೂ ಎಂಬುದು ಅವರಿಗೆ ಕೇಳಿಸಲೇ ಇಲ್ಲ. "ಅಂದ್ರೆ ನನ್ನ ದೆಸೆಯಿಂದ ಅವರಿಗೆ ಮಾರ್ಕ್ ಕಡಿಮೆ ಆತು" ಎಂದರು ಮೆಲ್ಲಗೆ. ಹಾಗಲ್ಲ ಎಂದು ನಾನು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ, ಯಾಕೆಂದರೆ ಲೆಕ್ಕದ ಪ್ರಕಾರ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಇಷ್ಟು ವರ್ಷ ಕಂಪನಿಯಿಂದ ತನಗೆ ಹೆಸರು ಬಂತು, ತನ್ನಿಂದ ಕಂಪನಿಗೆ ಹೆಸರು ಕೆಟ್ಟಿತು ಎಂದು ಅವರು ತೀರ್ಮಾನಿಸಿದರು. ಒಂದು ಲೋಟ ನೀರು ಕುಡಿದು ಎದ್ದರು. ಗೇಟಿನ ಹತ್ತಿರ ತಿರುಗಿ, "ಯಾರಿಗೂ ಹೇಳ್ಬೇಡ. ಪಾಸಾದ ಮೇಲೆ ನಾನೇ ಹೇಳ್ತೆ" ಎಂದರು.

ಮರುವಾರದಿಂದ ಸ್ಟುಡಿಯೋದ ಬೋರ್ಡಿನ ದೀಪ ಆರಿತು. ಮದುವೆಗಳಿಗೆ ಹೋಗುತ್ತಿದ್ದ ಹಳೆಯ ವ್ಯಾನನ್ನು ಮಾರಿಬಿಟ್ಟರು. ತ್ರಿಪಾದವನ್ನು ಹೆಗಲಿಗೆ, ಕ್ಯಾಮೆರಾ ಚೀಲವನ್ನು ಕೊರಳಿಗೆ ಹಾಕಿಕೊಂಡು ಬಸ್ಸಿನಲ್ಲಿ ಹೊರಟರು. ಕಣ್ಣು ಕುಕ್ಕುವ ದೊಡ್ಡ ವಿಡಿಯೋ ಲೈಟುಗಳು ಅಟ್ಟ ಸೇರಿದವು. ಸ್ಟುಡಿಯೋದ ಏಸಿ ನಿಂತಿತು. ಮದುಮಗಳ ಮೇಕಪ್ಪು ಒಳಗೆ ಕರಗತೊಡಗಿದ್ದರಿಂದ, ಫೋಟೋಗೆ ಬೆಳ್ಳಂಬೆಳಿಗ್ಗೆ ಧಾರೇಶ್ವರದ ಕಡಲ ತೀರಕ್ಕೆ ಬನ್ನಿ ಎನ್ನತೊಡಗಿದರು. ಬೆಳಗಿನ ಬೆಳಕಿನ ಆ ಫೋಟೋಗಳು ಅವರು ಜೀವಮಾನದಲ್ಲಿ ತೆಗೆದ ಎಲ್ಲಕ್ಕಿಂತ ಸುಂದರವಾಗಿದ್ದವು ಎಂದು ಬರೆಯಲು ನನಗೆ ಬಹಳ ಆಸೆ. ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ಫೋಟೋಗಳಲ್ಲಿ ಗಾಳಿಗೆ ಕೂದಲು ಹಾರಿ ಮದುಮಗಳು ಯಾರೆಂದೇ ತಿಳಿಯುತ್ತಿರಲಿಲ್ಲ.

ಕುಮಟಾದ ಒಂದು ಮದುವೆಯಲ್ಲಂತೂ ಅನಾಹುತವೇ ಆಯಿತು. ಮಾಮ ಹತ್ತಿದ ಬಸ್ಸು ಶರಾವತಿ ಸೇತುವೆಯ ಹತ್ತಿರ ವಾಹನಗಳ ಸಾಲಿನಲ್ಲಿ ಸಿಕ್ಕಿಬಿತ್ತು. ಅವರು ಬೆವರು ಸುರಿಸುತ್ತ ಮಂಟಪ ಏರುವಾಗ ತಾಳಿ ಕಟ್ಟಿ ಆಗಿತ್ತು, ಜನ ಅಕ್ಷತೆ ಹಾಕಿ ಊಟದ ಕಡೆ ಹೊರಟಿದ್ದರು. ಮಾಮ ಒಂದಿಷ್ಟೂ ಅಳುಕದೆ, "ಇನ್ನೊಂದ್ ಸಲ ಕಟ್ಟಿ" ಎಂದರು. ಪುರೋಹಿತರು ದಂಗಾದರು.

"ಎರಡನೇ ಸಲ ಕಟ್ಟಿದ್ರೆ ಎರಡನೇ ಮದ್ವೆ ಆಗ್ತದೆ ಮಾರಾಯ್ರೆ!"

"ಹೆಂಡ್ತಿ ಅವಳೇ ಅಲ್ದಾ? ಅಡ್ಡಿಲ್ಲ, ಕಟ್ಟಿಸಿ."

ಕೊನೆಗೆ, ಕಟ್ಟುವುದು ಬೇಡ, ವರ ಕೈಯನ್ನು ಹಾಗೆ ಹಿಡಿದುಕೊಂಡರೆ ಸಾಕು ಎಂದು ರಾಜಿಯಾಯಿತು. ಆ ಫೋಟೋ ನಾನು ನೋಡಿದ್ದೇನೆ. ಹೆಂಡತಿಯ ಕುತ್ತಿಗೆಯ ಹಿಂದೆ ಏನೋ ಬಿದ್ದುಹೋಗಿದೆ, ವರ ಅದನ್ನು ಹುಡುಕುತ್ತಿದ್ದಾನೆ ಎಂಬಂತಿದೆ. ಆ ಮನೆಯವರು ಮುಂದಿನ ಮದುವೆಗೆ ಮಾಮನನ್ನು ಕರೆಯಲಿಲ್ಲ. ಬೇರೆಯವರೂ ಒಬ್ಬೊಬ್ಬರಾಗಿ ಬಿಟ್ಟರು. ಮಾಮನಿಗೆ ವಯಸ್ಸಾಯಿತು ಎಂದು ಊರು ಮಾತಾಡಿಕೊಂಡಿತು. ನಿಜ ಸಂಗತಿ ತಿಳಿದಿದ್ದ ನಾನು ಬಾಯಿ ಬಿಡುವಂತಿರಲಿಲ್ಲ. ನನ್ನ ಜನ್ಮದಲ್ಲಿ ಪಾಲಿಸಿದ ಗೋಪ್ಯ ಅದೊಂದೇ.

ಆಗಾಗ ಬಂದು ನನಗೆ ವರದಿ ಒಪ್ಪಿಸುತ್ತಿದ್ದರು. ಎದುರು ಕುರ್ಚಿಯಲ್ಲಿ ನೆಟ್ಟಗೆ ಕೂತು, "ಫ್ರಿಜ್ಜು ತೆಗ್ದೆ. ನಿನ್ನ ಅತ್ತೆ ಎರಡು ದಿನ ಮಾತಾಡ್ಲಿಲ್ಲ, ಈಗ ಅಡ್ಡಿಲ್ಲ" ಎಂದು ಹೇಳಿ, ನಾನು ಎಲ್ಲಾದರೂ ಬರೆದುಕೊಳ್ಳುತ್ತೇನಾ ಎಂದು ನೋಡುತ್ತಿದ್ದರು. ಅವರಿಗೆ ಸಮಾಧಾನವಾಗಲೆಂದು ನಾನು ಲ್ಯಾಪ್‌ಟಾಪಿನಲ್ಲಿ ಏನಾದರೊಂದು ಕುಟ್ಟುತ್ತಿದ್ದೆ. ಹಾಗೆ ಕೂತಾಗ ಒಮ್ಮೆ ತಲೆಯ ಮೇಲೆ ಬೀಸುತ್ತಿದ್ದ ನನ್ನ ಏಸಿಯನ್ನು ಕತ್ತೆತ್ತಿ ನೋಡಿದರು. ನಾನೇ ಗಡಿಬಿಡಿಯಿಂದ, "ಇದು ಕಡಿಮೆ ಕರೆಂಟ್ ತಿನ್ನೂದು ಮಾಮ, ಐದು ನಕ್ಷತ್ರ" ಎಂದೆ.

"ದಿಲ್ಲಿಗೆ ಎಂತದ್ರಲ್ಲಿ ಹೋಗಿದ್ದೆ?"

"ವಿಮಾನ. ಆದ್ರೆ ಅದಕ್ಕೆ ಪರಿಹಾರ ಕೊಡ್ತಾರೆ. ನಾವು ಹಾರಿದ್ದಕ್ಕೆ ಬೇರೆಲ್ಲೋ ಗಿಡ ನೆಡ್ತಾರೆ."

ಮಾಮ ಅದನ್ನು ಗಂಭೀರವಾಗಿ ಯೋಚಿಸಿದರು. "ನೀ ಉಂಡದ್ದಕ್ಕೆ ಬೇರೆಯವ ಕೈ ತೊಳ್ದ ಹಾಂಗೆ" ಎಂದರು. ವ್ಯಂಗ್ಯವೇನೂ ಇರಲಿಲ್ಲ, ಅರ್ಥ ಮಾಡಿಕೊಂಡೆ ಎಂದು ಹೇಳಿದ್ದಷ್ಟೇ. ಅವರು ಹೋದ ಮೇಲೆ ಏಸಿ ಆರಿಸಿದೆ. ಸ್ವಲ್ಪ ಹೊತ್ತು ಸಜ್ಜನನಾಗಿ ಬೆವರಿ ಮತ್ತೆ ಹಾಕಿಕೊಂಡೆ.

ಮುಂದಿನ ವರ್ಷದ ಮೌಲ್ಯಮಾಪನ ಬಂತು. ಕಂಪನಿಯ ಹೊಸ ವರದಿಯಲ್ಲಿ ಈ ಸಲ ಹಿಮದ ಚಿತ್ರಗಳಿದ್ದವು. ಅವುಗಳ ನಡುವೆ, ಮಾರುಕಟ್ಟೆಯ ಪರಿಸ್ಥಿತಿಯನ್ನು ಗಮನದಲ್ಲಿಟ್ಟು ತಮ್ಮ ಗುರಿಯನ್ನು ಮರುಪರಿಶೀಲಿಸಿ ಮುಂದೂಡಿದ್ದೇವೆ ಎಂಬ ಒಂದು ಪ್ಯಾರಾ ಸದ್ದಿಲ್ಲದೆ ಕೂತಿತ್ತು. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡವರ ವರದಿಗಳನ್ನು ನಾನು ಎಷ್ಟೋ ಓದಿದ್ದೇನೆ. ಬೇಸರವಾಗುವ ಅಭ್ಯಾಸ ತಪ್ಪಿಹೋಗಿತ್ತು. ಆ ದಿನ ಮಾತ್ರ ಬಹಳ ಸಿಟ್ಟು ಬಂತು. ಡಿಯನ್ನು ಇ ಮಾಡಿದೆ. ಅದು ಪ್ರಕಟವಾದ ದಿನ, ಚಾದಂಗಡಿಗಿಂತ ಮೊದಲು ನಾನೇ ಹೇಳಬೇಕೆಂದು ಸ್ಟುಡಿಯೋಕ್ಕೆ ಹೋದೆ.

ಮಾಮ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತಿದ್ದರು. ಗಿರಾಕಿಗಳಿರಲಿಲ್ಲ. ನಾನು ಹೇಳಿದ್ದನ್ನು ಪೂರ್ತಿ ಕೇಳಿಕೊಂಡರು.

"ನಾ ಮಾಡಿದ್ದು ಅದ್ರಲ್ಲಿ ಬಂತಾ?"

ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಮನುಷ್ಯನಿಗೆ ಸಿಗುವುದಿಲ್ಲ. ನನಗೆ ಅದೂ ಬರಲಿಲ್ಲ. "ಅವರ ಲೆಕ್ಕದಲ್ಲಿ ಕಾಣಿಸುವಷ್ಟು ದೊಡ್ಡದಲ್ಲ ಮಾಮ" ಎಂದೆ.

ಅವರು ಅಂಗಿಯ ಜೇಬುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು, ಏನೋ ಮರೆತು ಬಂದವರ ಹಾಗೆ. "ಅವರು ಮುಂದೆ ಹಾಕಿದ್ರು ಹೇಳಿ ನಾನೂ ಹಾಕೂದಾ?" ಎಂದರು ಕೊನೆಗೆ. "ಅವರು ಎಲ್ಲೋ ಇದ್ದಾರೆ. ಈ ಊರಲ್ಲಿ ಆ ಹೆಸ್ರು ನಂದು. ಒಂದು ಕೆಲ್ಸ ಮಾಡು. ನಂಗೆ ಬೇರೇನೇ ಮಾರ್ಕ್ ಹಾಕು."

ನಾನು ಏನು ಹೇಳಿದೆ ಎಂದು ನೆನೆದರೆ ಇವತ್ತಿಗೂ ಮೈ ಮುದುಡುತ್ತದೆ. "ವೈಯಕ್ತಿಕ ಮೌಲ್ಯಮಾಪನಕ್ಕೆ ನಮ್ಮ ಪದ್ಧತಿಯಲ್ಲಿ ಅವಕಾಶ ಇಲ್ಲ" ಎಂದೆ. ಕಚೇರಿಗೆ ಬಂದ ಅರ್ಜಿದಾರನಿಗೆ ಹೇಳುವ ಹಾಗೆ, ಹೆಚ್ಚುಕಡಿಮೆ ಅದೇ ಧ್ವನಿಯಲ್ಲಿ. ಮಾಮ ಬೇಸರ ಮಾಡಿಕೊಳ್ಳಲಿಲ್ಲ. ನಿಯಮ ಎಂದರೆ ಅವರಿಗೆ ಗೌರವ. "ಪದ್ಧತಿ ಬಂದ ಮೇಲೆ ಹೇಳು" ಎಂದರು. ಆಮೇಲೆ ಎಲ್ಲಿ ಸಿಕ್ಕಿದರೂ, ಮೀನು ಪೇಟೆಯಲ್ಲಿ, ಬಸ್ ಸ್ಟಾಪಿನಲ್ಲಿ, ಯಾರದೋ ಗೃಹಪ್ರವೇಶದ ಊಟದ ಸಾಲಿನಲ್ಲಿ, "ಪದ್ಧತಿ ಬಂತನಾ ತಮಾ?" ಎಂದು ಕೇಳುತ್ತಿದ್ದರು. "ಬರ್ತಾ ಇದೆ ಮಾಮ" ಎನ್ನುತ್ತಿದ್ದೆ, ನಮ್ಮ ಹೆದ್ದಾರಿ ಕೆಲಸದವರು ಹೇಳುವ ಹಾಗೆಯೇ. ಅವರು ತಲೆಯಾಡಿಸಿ, ತ್ರಿಪಾದವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಬಸ್ಸಿಗೆ ಹೋಗುತ್ತಿದ್ದರು.

ಒಂದು ತುಂಡು ಕಾಗದ ಹರಿದು ಅದರ ಮೇಲೆ ಒಂದು ಅಕ್ಷರ ಬರೆದುಕೊಟ್ಟಿದ್ದರೆ ಯಾವ ಪದ್ಧತಿ ಮುರಿದು ಬೀಳುತ್ತಿತ್ತು? ಅವರನ್ನು ನಾನು ಪ್ರೀತಿಸುತ್ತಿದ್ದೆ, ಅದೂ ನಿಜ. ಆದರೆ ನನ್ನ ಕೆಲಸವನ್ನು ಈ ಜಗತ್ತಿನಲ್ಲಿ ನನಗಿಂತ ಗಂಭೀರವಾಗಿ ತೆಗೆದುಕೊಂಡ ಒಬ್ಬನೇ ಮನುಷ್ಯ ಎದುರಿಗೆ ನಿಂತು ಕೇಳಿದಾಗ, ನಾನು ಅದನ್ನು ತಮಾಷೆ ಎಂದುಕೊಂಡೆ.

ಮಾಮನ ಉತ್ತರಕ್ರಿಯೆಯ ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಮಗಳು ಒಳಗೆ ಚಾ ಮಾಡುತ್ತಿದ್ದಳು. ಮಾಮನ ಹೆಂಡತಿಯನ್ನು ನಾನು ಚಿಕ್ಕಂದಿನಿಂದ ಅತ್ತೆ ಎಂದೇ ಕರೆಯುವುದು. ಅತ್ತೆ ಜಗುಲಿಯಲ್ಲಿ ಕೂತು, ಆಲ್ಬಮ್ಮಿನ ರಟ್ಟೊಂದರಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಸೆಖೆ ಎಂದರೆ ಸೆಖೆ, ಕೂತ ಕೂತಲ್ಲೇ ನನ್ನ ಅಂಗಿ ಬೆನ್ನಿಗೆ ಅಂಟಿತು. ಕರೆಂಟ್ ಇಲ್ಲವೇನೋ ಎಂದುಕೊಂಡರೆ, ಪಕ್ಕದ ಮನೆಯಲ್ಲಿ ಮಿಕ್ಸರ್ ಗರಗರ ಎನ್ನುತ್ತಿತ್ತು. ಸಾವಿನ ಮನೆಯಲ್ಲಿ ಆಡುವ ನಾಲ್ಕು ಮಾತು ಆಡಿದೆ. ಒಂದನ್ನೂ ನೆಟ್ಟಗೆ ಆಡಲಾಗಲಿಲ್ಲ. ಅತ್ತೆ ರಟ್ಟನ್ನು ಮಡಿಲಲ್ಲಿಟ್ಟುಕೊಂಡರು.

"ನೀ ಮಾರ್ಕ್ ಹಾಕಿ ಕೊಡ್ತೆ ಹೇಳಿ ಹೇಳ್ತಾ ಇದ್ರು. ಹೋಗೂ ಹಿಂದಿನ ದಿನವೂ ಹೇಳಿದ್ರು" ಎಂದರು. "ಹಾಕಿದ್ಯಾ?"

"ಹಾಕಿದೆ ಅತ್ತೆ."

"ಎಷ್ಟು ಬಂತು ಅವರಿಗೆ?"

"ಎ ಬಂತು" ಎಂದೆ. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಯಾರಿಗೂ ಕೊಡದ ದರ್ಜೆ ಅದು.

"ಅದು ಡಿಕಿಂತ ಮೇಲಾ?"

"ಅದ್ರ ಮೇಲೆ ಮತ್ತೆ ಇಲ್ಲ ಅತ್ತೆ."

"ಪಾಸು ಅಲ್ದಾ ಹಂಗಾರೆ?"

"ಪಾಸು."

ಅತ್ತೆ ರಟ್ಟನ್ನು ಪಕ್ಕಕ್ಕಿಟ್ಟರು. ಆಮೇಲೆ ತಲೆಯೆತ್ತಿ ಮೇಲೆ ನೋಡಿ, ಅನುಮತಿ ಕೇಳುವವರ ಹಾಗೆ ನನ್ನನ್ನು ನೋಡಿದರು.

"ಇನ್ನು ಫ್ಯಾನ್ ಹಾಕ್ಬಹುದಾ ತಮಾ? ಪಾಸಾಗೂ ತನಕ ಬ್ಯಾಡ ಹೇಳಿದ್ರು."

ನಾನು ಎದ್ದು ಹೋಗಿ ಸ್ವಿಚ್ ಒತ್ತಿದೆ. ಒತ್ತುವುದಕ್ಕೂ ಪಕ್ಕದ ಮನೆಯ ಮಿಕ್ಸರ್ ನಿಲ್ಲುವುದಕ್ಕೂ ಸರಿಹೋಯಿತು. ಫ್ಯಾನ್ ಅಲುಗಲಿಲ್ಲ. ಕರೆಂಟ್ ಹೋಗಿತ್ತು.

"ಅವರೇ ಕರೆಂಟ್ ತೆಗ್ದದ್ದು" ಎಂದು ಅತ್ತೆ ಜೋರಾಗಿ ನಕ್ಕುಬಿಟ್ಟರು. ಒಳಗಿನಿಂದ ಮಗಳು ಹೆದರಿ ಓಡಿ ಬಂದಳು.